ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೆ ಅಲ್ಲಿದ್ದ ಕ್ರೈಸ್ತರು ಏನಾದರು?

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನ ಪಾಠದಲ್ಲಿ 1453ರಲ್ಲಿ ಅಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು ಅಂತ ಬರುತ್ತದೆ. ಈ ಸಲ ಒಬ್ಬ ಹುಡುಗ ಎದ್ದು ನಿಂತು "ಸರ್, ಆ ಊರಲ್ಲಿದ್ದ ಕ್ರಿಶ್ಚಿಯನ್ನರು ಆಮೇಲೆ ಏನಾದ್ರು?" ಅಂತ ಕೇಳಿದ. ನಾಳೆ ಹೇಳ್ತೀನಿ ಕೂತ್ಕೋ ಅಂದೆ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಒಬ್ಬರು "ಇನ್ನೇನಾಗ್ತಾರೆ, ಕೊಂದರು ಇಲ್ಲ ಮತಾಂತರ ಮಾಡಿದರು" ಅಂದರು. ಇನ್ನೊಬ್ಬರು "ಅಟೋಮನ್‌ರಷ್ಟು ಸಹಿಷ್ಣುಗಳು ಯಾರೂ ಇರಲಿಲ್ಲ, ಎಲ್ಲರೂ ಸಮಾನವಾಗಿ ಬದುಕಿದರು" ಅಂದರು. ಅವರು ಟರ್ಕಿ ಧಾರಾವಾಹಿಗಳನ್ನು ತಪ್ಪದೆ ನೋಡುವವರು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅಷ್ಟು ಭಾಷೆ, ಅಷ್ಟು ಧರ್ಮ ಇದ್ದ ರಾಜ್ಯವನ್ನು ಷರಿಯಾ ಇಟ್ಟುಕೊಂಡು ಹೇಗೆ ಆಳಿದರು? ಸುಲ್ತಾನನ ಮಾತು ನಡೆಯುತ್ತಿತ್ತೋ ಮೌಲ್ವಿಗಳದೋ? ನನ್ನ ಕ್ಲಾಸಿನಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ಏನು ಹೇಳಿದರೂ ಸಂಜೆಯೊಳಗೆ ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇರುತ್ತದೆ. ಹೆಚ್ಚೆಂದರೆ ಎರಡು ಪಿರಿಯಡ್ ಸಿಗಬಹುದು. ಹೇಗೆ ಹೇಳಲಿ? ಹೇಳದೆ ಬಿಟ್ಟರೇ ವಾಸಿನಾ?

ಉತ್ತರ: ಮೇಷ್ಟ್ರೇ, ಹೇಳದೆ ಬಿಡಬೇಡಿ. ಹುಡುಗ ಕೇಳಿರುವುದು ಒಳ್ಳೆಯ ಪ್ರಶ್ನೆ. ನೀವು ಬಿಟ್ಟರೂ ಅವನಿಗೆ ಉತ್ತರ ಸಿಕ್ಕೇ ಸಿಗುತ್ತದೆ, ಮೊಬೈಲಿನಲ್ಲಿ. ಅಲ್ಲಿ ಸಿಗುವುದು ನಿಮ್ಮ ಸ್ಟಾಫ್ ರೂಮಿನ ಆ ಎರಡು ಉತ್ತರಗಳಲ್ಲಿ ಯಾವುದಾದರೂ ಒಂದು.

ನಿಮ್ಮ ಕಾಗದದಲ್ಲಿ ನನಗೆ ಎರಡು ಆತಂಕ ಕಂಡವು. ಆಗ ನಿಜವಾಗಿ ಏನಾಯಿತು ಅನ್ನುವುದು ಒಂದು. ಅದನ್ನು ಹೇಳಿದರೆ ಈಗ ಏನಾಗಬಹುದು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ನಾನು ಕಾಲೇಜಿನಲ್ಲಿ ಈ ಸಾಮ್ರಾಜ್ಯದ ಚರಿತ್ರೆಯನ್ನು ವರ್ಷಗಟ್ಟಲೆ ಪಾಠ ಮಾಡಿದವಳು. ನಿಮ್ಮ ಸಹೋದ್ಯೋಗಿಗಳ ಎರಡೂ ಮಾತುಗಳನ್ನು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಹೇಳಿಯೇ ಹೇಳುತ್ತಿದ್ದರು.

ಮೊದಲು ಹುಡುಗನಿಗೆ ಉತ್ತರ. 1453ರ ಮೇ 29ರಂದು ಊರು ಬಿತ್ತು. ಗೆದ್ದ ಅಟೋಮನ್ ಸುಲ್ತಾನ ಎರಡನೇ ಮೆಹ್ಮದ್‌ಗೆ ಆಗ 21 ವರ್ಷ. ಶರಣಾಗದೆ ಹೋರಾಡಿ ಸೋತ ಊರನ್ನು ಸೈನಿಕರಿಗೆ ಮೂರು ದಿನ ಲೂಟಿಗೆ ಬಿಡುವುದು ಆಗಿನ ವಾಡಿಕೆ, ಹಾಗೇ ಮಾತು ಕೊಟ್ಟಿದ್ದರು. ಸಾವಿರಾರು ಜನ ಸತ್ತರು. ಅದಕ್ಕಿಂತ ಜಾಸ್ತಿ ಜನ ಗುಲಾಮರಾಗಿ ಮಾರಾಟವಾದರು. ಹಾಗಿಯಾ ಸೋಫಿಯಾ ಚರ್ಚು ಮಸೀದಿಯಾಯಿತು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ, ಮೆಲ್ಲಗೆ ಹೇಳುವ ಅಗತ್ಯವೂ ಇಲ್ಲ.

ಆದರೆ ಅಲ್ಲಿಗೇ ನಿಲ್ಲಿಸಿದರೆ ಹುಡುಗನ ಪ್ರಶ್ನೆ ಹಾಗೇ ಉಳಿಯುತ್ತದೆ. ಅವನು ಕೇಳಿದ್ದು "ಆಮೇಲೆ" ಏನಾಯಿತು ಅಂತ. ಖಾಲಿ ಊರು ಯಾವ ಸುಲ್ತಾನನಿಗೂ ಬೇಡ. ಮೆಹ್ಮದ್ ಅನಾಟೋಲಿಯಾದಿಂದ (ಈಗಿನ ಟರ್ಕಿಯ ಏಷ್ಯಾ ಭಾಗ), ಬಾಲ್ಕನ್ ಕಡೆಯಿಂದ (ಗ್ರೀಸ್, ಸರ್ಬಿಯಾ ಇರುವ ಆಗ್ನೇಯ ಯುರೋಪ್) ಜನರನ್ನು ಕರೆತಂದು, ಎಷ್ಟೋ ಸಲ ಬಲವಂತವಾಗಿ ಎಬ್ಬಿಸಿ ತಂದು, ಅಲ್ಲಿ ನೆಲೆ ನಿಲ್ಲಿಸಿದ. ಟರ್ಕರು, ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು ಎಲ್ಲರೂ ಇದ್ದರು. 1477ರಲ್ಲಿ ಊರಿನ ಖಾಜಿ ಮನೆ ಎಣಿಕೆ ಮಾಡಿಸಿದಾಗ ಸುಮಾರು 16,000 ಮನೆಗಳಿದ್ದವು, ಹೆಚ್ಚೂಕಡಿಮೆ ಐದರಲ್ಲಿ ಎರಡು ಮನೆ ಮುಸ್ಲಿಮೇತರರದು. ಊರು ಗೆದ್ದು ಒಂದು ವರ್ಷ ಆಗುವ ಮೊದಲೇ, 1454ರ ಜನವರಿಯಲ್ಲಿ, ಗೆನ್ನಾಡಿಯೋಸ್ ಎಂಬ ಸನ್ಯಾಸಿ ಗ್ರೀಕ್ ಚರ್ಚಿನ ಮುಖ್ಯಸ್ಥ, ಅಂದರೆ ಪೇಟ್ರಿಯಾರ್ಕ್ ಆದ. ಊರು ಬಿದ್ದಾಗ ಆತನೂ ಸೆರೆ ಸಿಕ್ಕಿ ಗುಲಾಮನಾಗಿದ್ದವನು. ಸುಲ್ತಾನನೇ ಹುಡುಕಿಸಿ ತರಿಸಿದ. ಯಾಕೆ ಈತನೇ? ರೋಮಿನ ಪೋಪ್ ಜೊತೆ ಸೇರುವುದನ್ನು ಕಟ್ಟಾ ವಿರೋಧಿಸುತ್ತಿದ್ದವನು ಇವನು. ಗ್ರೀಕರ ಧರ್ಮಗುರು ಪೋಪ್ ಕಡೆ ವಾಲದವನಾಗಿದ್ದರೆ ಸುಲ್ತಾನನಿಗೆ ನೆಮ್ಮದಿ ಅಲ್ವಾ? ಔದಾರ್ಯ ಇತ್ತು ಅಂತಲೇ ಇಟ್ಟುಕೊಂಡರೂ ಲೆಕ್ಕಾಚಾರ ಅದರ ಜೊತೆಗೇ ಇತ್ತು.

ಈಗ ಒಂದು ಕಾಗದದ ವಿಷಯ ಹೇಳುತ್ತೇನೆ. ನೀವು ಕ್ಲಾಸಿನಲ್ಲಿ ಬೇರೆ ಎಲ್ಲ ಬಿಟ್ಟು ಇದೊಂದನ್ನೇ ಹೇಳಿದರೂ ಸಾಕು. ಕಾನ್‌ಸ್ಟಾಂಟಿನೋಪಲ್ ಎದುರಿಗೆ, ನೀರಿನ ಆಚೆ ದಡದಲ್ಲಿ, ಗಲಾಟಾ ಅಂತ ಒಂದು ಪೇಟೆ. ಇಟಲಿಯ ಜಿನೋವಾ ವ್ಯಾಪಾರಿಗಳ ಊರು. ಎದುರು ದಡ ಬಿದ್ದದ್ದು ನೋಡಿ ಇವರು ಬೀಗದ ಕೈ ತಂದು ಶರಣಾದರು. ಮೂರು ದಿನದ ಮೇಲೆ, ಜೂನ್ 1ಕ್ಕೆ, ಸುಲ್ತಾನ ಅವರಿಗೆ ಒಂದು ಒಪ್ಪಂದದ ಪತ್ರ ಬರೆಸಿಕೊಟ್ಟ. ಗ್ರೀಕ್ ಭಾಷೆಯಲ್ಲಿ. ಅದರಲ್ಲಿ ಏನಿದೆ? ನಿಮ್ಮ ಮನೆ, ಅಂಗಡಿ, ಹೊಲ, ಹಡಗು ನಿಮ್ಮದೇ. ನಿಮ್ಮ ಚರ್ಚುಗಳನ್ನು ನಾನು ಮಸೀದಿ ಮಾಡುವುದಿಲ್ಲ. ನಿಮ್ಮ ಪ್ರಾರ್ಥನೆ ನೀವು ಮಾಡಿಕೊಳ್ಳಿ. ನಿಮ್ಮ ಮಕ್ಕಳನ್ನು ಜಾನಿಸರಿ ಅನ್ನುವ ಸುಲ್ತಾನನ ಕಾಲಾಳು ಪಡೆಗೆ ಹಿಡಿದುಕೊಂಡು ಹೋಗುವುದಿಲ್ಲ. ಅದೇ ಕಾಗದದಲ್ಲಿ ಮುಂದೆ: ಗಂಟೆ ಬಾರಿಸಕೂಡದು, ಹೊಸ ಚರ್ಚು ಕಟ್ಟಕೂಡದು, ಜಿಜಿಯಾ (ಮುಸ್ಲಿಮೇತರರ ತಲೆಗಂದಾಯ) ಕಟ್ಟಬೇಕು.

ನೋಡಿ, ರಕ್ಷಣೆ ಮತ್ತು ಕೀಳು ಸ್ಥಾನ ಎರಡೂ ಒಂದೇ ಹಾಳೆಯಲ್ಲಿ ಇವೆ. ಒಂದನ್ನು ಕತ್ತರಿಸಿ ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ನಿಮ್ಮ ಒಬ್ಬ ಸಹೋದ್ಯೋಗಿ ಹಾಳೆಯ ಅರ್ಧ ಓದಿದ್ದಾರೆ, ಇನ್ನೊಬ್ಬರು ಉಳಿದರ್ಧ. ಇಸ್ಲಾಮಿನ ಧರ್ಮಶಾಸ್ತ್ರದ ಪ್ರಕಾರ ಕ್ರೈಸ್ತರು, ಯಹೂದಿಗಳು ರಕ್ಷಣೆಗೆ ಹಕ್ಕುಳ್ಳ ಪ್ರಜೆಗಳು. ಸಮಾನರಲ್ಲ, ಆದರೆ ಹೊರಗೆ ಅಟ್ಟಬೇಕಾದವರೂ ಅಲ್ಲ. "ಸಮಾನವಾಗಿ ಬದುಕಿದರು" ಅನ್ನುವುದು ತಪ್ಪು, ಯಾಕೆಂದರೆ ಕಾನೂನೇ ಸಮಾನ ಅನ್ನುತ್ತಿರಲಿಲ್ಲ. "ಕೊಂದರು ಇಲ್ಲ ಮತಾಂತರ ಮಾಡಿದರು" ಅನ್ನುವುದೂ ತಪ್ಪು. 1520-30ರ ದಶಕದ ತೆರಿಗೆ ದಫ್ತರಗಳನ್ನು ನೋಡಿದರೆ ಬಾಲ್ಕನ್ ಭಾಗದಲ್ಲಿ ಸುಮಾರು ಐದರಲ್ಲಿ ನಾಲ್ಕು ಮನೆ ಕ್ರೈಸ್ತರದೇ. ಅಷ್ಟು ಹೊತ್ತಿಗೆ ಅಲ್ಲಿ ಅಟೋಮನ್ ಆಳ್ವಿಕೆ ಬಂದು ಎಷ್ಟೋ ಕಡೆ ನೂರು ವರ್ಷ ದಾಟಿತ್ತು.

ಹಾಗಾದರೆ ಶರಣಾಗದೆ ಬಿದ್ದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚರ್ಚುಗಳು ಹೇಗೆ ಉಳಿದವು? ಈ ಪ್ರಶ್ನೆ ಆಗಿನವರಿಗೂ ಬಂತು. ಶಾಸ್ತ್ರದ ಪ್ರಕಾರ ಒಪ್ಪಂದದಿಂದ ಸಿಕ್ಕ ಊರಿನವರಿಗೆ ಚರ್ಚಿನ ಮೇಲೆ ಹಕ್ಕು ಉಂಟು, ಯುದ್ಧದಿಂದ ಗೆದ್ದ ಊರಿನವರಿಗೆ ಇಲ್ಲ. ಊರು ಬಿದ್ದು 80 ವರ್ಷದ ಮೇಲೆ, 1538-39ರ ಸುಮಾರಿಗೆ, ಇದರ ವಿಚಾರಣೆ ನಡೆಯಿತು. ಮುಂದೆ ಸಾಮ್ರಾಜ್ಯದ ಅತಿ ದೊಡ್ಡ ಧರ್ಮಶಾಸ್ತ್ರಜ್ಞನಾದ ಎಬುಸ್ಸೂದ್ ಎಫೆಂದಿಯ ಫತ್ವಾದಲ್ಲಿ, ಅಂದರೆ ಶಾಸ್ತ್ರದ ಪ್ರಕಾರ ಕೊಟ್ಟ ಉತ್ತರದಲ್ಲಿ, ಅದರ ವಿವರ ಇದೆ. ಊರನ್ನು ಬಲದಿಂದ ಗೆದ್ದದ್ದು ಎಲ್ಲರಿಗೂ ಗೊತ್ತೇ ಇದೆ, ಆದರೆ ಚರ್ಚುಗಳು ನಿಂತಿರುವುದನ್ನು ನೋಡಿದರೆ ಒಪ್ಪಂದ ಆಗಿದ್ದಂತೆ ಕಾಣುತ್ತದೆ ಅನ್ನುತ್ತದೆ ಫತ್ವಾ. ಸಾಕ್ಷಿ ಯಾರು? ಇಬ್ಬರು ಮುದುಕರು. ಒಬ್ಬನ ವಯಸ್ಸು 117, ಇನ್ನೊಬ್ಬನದು 130 ಅಂತ ಬರೆದಿದೆ. ಕ್ರೈಸ್ತರೂ ಯಹೂದಿಗಳೂ ಗುಟ್ಟಾಗಿ ಸುಲ್ತಾನನ ಜೊತೆ ಮಾತಾಡಿಕೊಂಡಿದ್ದರು, ತಮ್ಮ ಚಕ್ರವರ್ತಿಗೆ ಸಹಾಯ ಮಾಡಲಿಲ್ಲ ಅಂತ ಇವರು ಸಾಕ್ಷಿ ಹೇಳಿದರು. ಆ ಸಾಕ್ಷಿಯ ಮೇಲೆ ಚರ್ಚುಗಳು ಉಳಿದವು.

ಆ ವಯಸ್ಸನ್ನು ಯಾರೂ ನಂಬಬೇಕಾಗಿಲ್ಲ. ಇಲ್ಲಿ ನೋಡಬೇಕಾದದ್ದು ಬೇರೆ. ಅಲ್ಲಿ ಷರಿಯಾವನ್ನು ಬದಿಗೆ ಸರಿಸಲಿಲ್ಲ, ಕಣ್ಣು ಮುಚ್ಚಿ ಪಾಲಿಸಲೂ ಇಲ್ಲ. ಇದ್ದ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ಷರಿಯಾ ಒಪ್ಪುವ ದಾರಿ ಹುಡುಕಿದರು. ಈ ಸಾಮ್ರಾಜ್ಯದಲ್ಲಿ ಧರ್ಮ ಹೇಗೆ ಕೆಲಸ ಮಾಡಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಇಬ್ಬರು ಮುದುಕರ ಕಥೆಯನ್ನೇ. ಹಾಗಂತ ಇದು ಶಾಶ್ವತ ರಕ್ಷಣೆಯೂ ಆಗಲಿಲ್ಲ. ಪೇಟ್ರಿಯಾರ್ಕ್ ಕೂರುತ್ತಿದ್ದ ಚರ್ಚೇ 1587ರಲ್ಲಿ ಕೈತಪ್ಪಿ ಆಮೇಲೆ ಮಸೀದಿಯಾಯಿತು. ಬೈಜಾಂಟೈನ್ ಕಾಲದಿಂದ, ಅಂದರೆ 1453ಕ್ಕೆ ಮೊದಲಿನ ಕ್ರೈಸ್ತ ಚಕ್ರವರ್ತಿಗಳ ಕಾಲದಿಂದ, ಇಂದಿನವರೆಗೂ ಮಸೀದಿಯಾಗದೆ ಗ್ರೀಕರ ಕೈಯಲ್ಲೇ ಉಳಿದ ಚರ್ಚು ಇಸ್ತಾಂಬುಲ್‌ನಲ್ಲಿ (ಕಾನ್‌ಸ್ಟಾಂಟಿನೋಪಲ್‌ನ ಈಗಿನ ಹೆಸರು) ಒಂದೇ, ಮಂಗೋಲರ ಸೇಂಟ್ ಮೇರಿ ಅಂತ ಹೆಸರು. ಉಳಿದದ್ದು ಮೆಹ್ಮದ್ ಕೊಟ್ಟಿದ್ದ ಫರ್ಮಾನಿನ ಬಲದಿಂದ.

ನಿಮ್ಮ ಎರಡನೇ ಪ್ರಶ್ನೆ: ಸುಲ್ತಾನನ ಮಾತೋ, ಮೌಲ್ವಿಗಳ ಮಾತೋ? ಎರಡೂ ಅಲ್ಲ ಅನ್ನುವುದಕ್ಕಿಂತ, ಇಬ್ಬರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುತ್ತಿರಲಿಲ್ಲ ಅನ್ನಿ. ಮದುವೆ, ತಲಾಖ್, ಆಸ್ತಿ ಪಾಲು, ಸಾಲ ಇವೆಲ್ಲ ಷರಿಯಾ ಪ್ರಕಾರ, ಅದರಲ್ಲೂ ಹನಫಿ ಪಂಥದ ಪ್ರಕಾರ. ಭೂಮಿ, ತೆರಿಗೆ, ಸೈನ್ಯ, ಬಹುಪಾಲು ಶಿಕ್ಷೆ ಇವೆಲ್ಲ ಸುಲ್ತಾನ ಹೊರಡಿಸಿದ ಕಾನೂನಿನ ಪ್ರಕಾರ. ಆದರೆ ಎರಡನ್ನೂ ಜಾರಿ ಮಾಡುವವನು ಒಬ್ಬನೇ, ಆ ಊರಿನ ಖಾಜಿ. ಅವನು ನ್ಯಾಯಾಧೀಶ ಮಾತ್ರ ಅಲ್ಲ. ಪೇಟೆಯಲ್ಲಿ ಬ್ರೆಡ್ಡಿನ ತೂಕ ಸರಿ ಇದೆಯಾ, ಮಾಂಸದ ಬೆಲೆ ಎಷ್ಟು, ಸರ್ಕಾರದಿಂದ ಬಂದ ಹುಕುಂ ಏನು, ಎಲ್ಲ ಅವನ ಮೇಜಿಗೆ ಬರುತ್ತಿತ್ತು. ಶಿಕ್ಷೆಯ ವಿಷಯ ಕೇಳಿ. ಹಾದರಕ್ಕೆ ಶಾಸ್ತ್ರದಲ್ಲಿ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ ಇದೆ, ಆದರೆ ನಾಲ್ಕು ಜನ ಕಣ್ಣಾರೆ ಕಂಡ ಸಾಕ್ಷಿ ಬೇಕು. ಸುಲ್ತಾನರ ಕಾನೂನು ಪುಸ್ತಕದಲ್ಲಿ ಅದಕ್ಕೆ ದಂಡ ಇದೆ. ಶ್ರೀಮಂತನಿಗೆ ಜಾಸ್ತಿ, ಬಡವನಿಗೆ ಕಮ್ಮಿ, ಕ್ರೈಸ್ತನಾದರೆ ಅದರಲ್ಲಿ ಅರ್ಧ. ನಡೆಯುತ್ತಿದ್ದದ್ದು ಇದು. 1680ರಲ್ಲಿ ಇಸ್ತಾಂಬುಲ್‌ನಲ್ಲಿ ಒಬ್ಬ ಹೆಂಗಸನ್ನು ನಿಜವಾಗಿಯೂ ಕಲ್ಲು ಹೊಡೆದು ಕೊಂದರು. ಅದು ಎಷ್ಟು ಅಪರೂಪ ಅಂದರೆ ಆಗಿನ ಚರಿತ್ರೆ ಬರೆಯುವವರು ಹಿಂದೆಂದೂ ಕೇಳದ ಸಂಗತಿ ಎಂಬಂತೆ ಅದನ್ನು ಬರೆದಿಟ್ಟಿದ್ದಾರೆ.

ಫತ್ವಾ ಅಂದರೆ ನಮ್ಮಲ್ಲಿ ಟಿವಿಯಲ್ಲಿ ಬರುವ ಬೆದರಿಕೆಯಂಥ ಏನೋ ಒಂದು ಅಂತ ಮಕ್ಕಳು ತಿಳಿದಿರುತ್ತಾರೆ. ಅಲ್ಲಿ ಅದು ಒಂದು ಸಣ್ಣ ಚೀಟಿ. ಜನರ ಪ್ರಶ್ನೆಯನ್ನು ಗುಮಾಸ್ತರು ಚುಟುಕಾಗಿ ಬರೆಯುತ್ತಿದ್ದರು. ಯಾರ ನಿಜ ಹೆಸರೂ ಬರೆಯುವಂತಿಲ್ಲ. ಗಂಡಸಾದರೆ ಜೈದ್, ಅಮ್ರ್. ಹೆಂಗಸಾದರೆ ಹಿಂದ್, ಜೈನಬ್. "ಜೈದ್ ತನ್ನ ಹೆಂಡತಿ ಹಿಂದ್‌ಗೆ ಇಂಥ ಮಾತು ಆಡಿದರೆ ತಲಾಖ್ ಆಗುತ್ತದೆಯೇ?" ಈ ಥರ. ಕೆಳಗೆ ಮುಫ್ತಿಯ, ಅಂದರೆ ಧರ್ಮಶಾಸ್ತ್ರ ಹೇಳುವ ಪಂಡಿತನ, ಉತ್ತರ ಎಷ್ಟೋ ಸಲ ಒಂದೇ ಪದ: "ಆಗುತ್ತದೆ" ಇಲ್ಲವೇ "ಆಗುವುದಿಲ್ಲ". ಆ ಚೀಟಿ ಹಿಡಿದುಕೊಂಡು ಖಾಜಿ ಹತ್ತಿರ ಹೋಗುತ್ತಿದ್ದರು. ಈ ಮುಫ್ತಿಗಳಿಗೆಲ್ಲ ಮೇಲಿನವನು ಶೇಖ್-ಉಲ್-ಇಸ್ಲಾಂ. ಅವನನ್ನು ನೇಮಿಸುವುದೂ ಸುಲ್ತಾನ, ತೆಗೆಯುವುದೂ ಸುಲ್ತಾನ. ಆದರೆ ಸುಲ್ತಾನನನ್ನು ಗದ್ದುಗೆಯಿಂದ ಇಳಿಸಬೇಕಾದರೆ ಅದಕ್ಕೂ ಶೇಖ್-ಉಲ್-ಇಸ್ಲಾಮನ ಫತ್ವಾ ಬೇಕು. 1648ರಲ್ಲಿ ಇಬ್ರಾಹಿಂನನ್ನು ಹಾಗೇ ಇಳಿಸಿದರು, 1909ರಲ್ಲಿ ಎರಡನೇ ಅಬ್ದುಲ್ ಹಮೀದ್‌ನನ್ನೂ ಹಾಗೇ ಇಳಿಸಿದರು. ಫತ್ವಾ ಕೇಳಿದವರು ಸುಲ್ತಾನನನ್ನು ಇಳಿಸಲು ಹೊರಟವರೇ. ಧರ್ಮ ಅಧಿಕಾರಕ್ಕೆ ಕಡಿವಾಣವೂ ಆಗಿತ್ತು, ಅಧಿಕಾರದ ಕೈಯಲ್ಲಿನ ಮೊಹರೂ ಆಗಿತ್ತು.

ಬಡ್ಡಿಯ ವಿಷಯವನ್ನೂ ಸೇರಿಸಿ, ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ. ಆದರೆ ಅಟೋಮನ್ ಊರುಗಳಲ್ಲಿ ಜನ ಹಣವನ್ನೇ ವಕ್ಫ್ ಮಾಡಿ (ಧರ್ಮಕಾರ್ಯಕ್ಕೆ ಮೀಸಲಿಟ್ಟು), ಅದನ್ನು ಸಾಲ ಕೊಟ್ಟು, ವರ್ಷಕ್ಕೆ ನೂರಕ್ಕೆ 10-15ರಷ್ಟು ಬಂದ ಆದಾಯದಿಂದ ಶಾಲೆ ಮೇಷ್ಟ್ರಿಗೆ, ಮಸೀದಿಯ ಇಮಾಮನಿಗೆ ಸಂಬಳ ಕೊಡುತ್ತಿದ್ದರು. ಇದು ಸರಿಯಲ್ಲ ಅಂತ ಬಿರ್ಗಿವಿ ಎಂಬ ಪಂಡಿತ ಕಟುವಾಗಿ ಬರೆದ. ಎಬುಸ್ಸೂದ್ ಇದು ಜನರ ರೂಢಿ, ನಿಲ್ಲಿಸಿದರೆ ಎಷ್ಟೋ ಧರ್ಮಕಾರ್ಯ ನಿಂತುಹೋಗುತ್ತದೆ ಅಂತ ಒಪ್ಪಿಗೆ ಕೊಟ್ಟ. ಇಬ್ಬರೂ ಧರ್ಮಶಾಸ್ತ್ರ ಅರೆದು ಕುಡಿದವರೇ. ಇಸ್ಲಾಂ ಹೀಗೆ ಹೇಳುತ್ತದೆ ಅಂತ ಒಂದೇ ಉಸಿರಿನಲ್ಲಿ ಹೇಳುವವರಿಗೆ ಈ ಜಗಳವನ್ನು ತೋರಿಸಬೇಕು.

ಇನ್ನು ಸಾಮಾನ್ಯ ಕ್ರೈಸ್ತರ, ಯಹೂದಿಗಳ ದಿನದಿನದ ಬದುಕು. ಮದುವೆ, ಪೂಜೆ, ತಮ್ಮತಮ್ಮ ಜಗಳ ಇವನ್ನು ತಮ್ಮ ಪಾದ್ರಿ, ರಬ್ಬಿಗಳ ಹತ್ತಿರವೇ ತೀರಿಸಿಕೊಳ್ಳಬಹುದಿತ್ತು. ಇದನ್ನು ಹಳೆಯ ಪುಸ್ತಕಗಳಲ್ಲಿ ಮಿಲ್ಲತ್ ಪದ್ಧತಿ ಅಂತ, ಮೆಹ್ಮದ್ 1454ರಲ್ಲೇ ಅಚ್ಚುಕಟ್ಟಾಗಿ ಸ್ಥಾಪಿಸಿದ ಅಂತ ಬರೆದಿರುತ್ತಾರೆ. ಈಗ ಚರಿತ್ರೆಕಾರರು ಅದನ್ನು ಹಾಗೆ ಒಪ್ಪುವುದಿಲ್ಲ. ಊರೂರಿಗೆ ಬೇರೆಬೇರೆ ಏರ್ಪಾಡು ಇತ್ತು, ಇಡೀ ಸಾಮ್ರಾಜ್ಯಕ್ಕೆ ಒಂದೇ ಪದ್ಧತಿಯಾಗಿ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಕುತೂಹಲದ ವಿಷಯ ಅಂದರೆ ತಮ್ಮದೇ ಪಾದ್ರಿ ಇದ್ದರೂ ಕ್ರೈಸ್ತರು ಖಾಜಿಯ ಕೋರ್ಟಿಗೆ ಬರುತ್ತಿದ್ದರು. ಅಲ್ಲಿನ ದಾಖಲೆ ಪುಸ್ತಕಗಳ ತುಂಬ ಅವರ ಹೆಸರುಗಳಿವೆ. ಹೆಂಗಸರೂ ಬರುತ್ತಿದ್ದರು. ಚರ್ಚು ವಿಚ್ಛೇದನ ಕೊಡದಿದ್ದಾಗ ಖಾಜಿ ಹತ್ತಿರ ಸಿಗುತ್ತಿತ್ತು. ಅಪ್ಪನ ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧದಷ್ಟಾದರೂ ಪಾಲು ಖಚಿತವಾಗಿ ಸಿಗುತ್ತಿತ್ತು. ಪಾದ್ರಿಗಳು ಇದಕ್ಕೆ ಸಿಟ್ಟಾಗಿ, ಖಾಜಿ ಹತ್ತಿರ ಹೋದವರಿಗೆ ಬಹಿಷ್ಕಾರ ಹಾಕುತ್ತೇವೆ ಅಂತ ಹೆದರಿಸುತ್ತಿದ್ದರು. ಅದೇ ಕೋರ್ಟಿನಲ್ಲಿ ಮುಸ್ಲಿಮನ ವಿರುದ್ಧ ಕ್ರೈಸ್ತನ ಸಾಕ್ಷಿ ನಡೆಯುತ್ತಿರಲಿಲ್ಲ. ಹಾಗಾಗಿ ಬುದ್ಧಿವಂತ ಕ್ರೈಸ್ತ ವ್ಯಾಪಾರಿ ವ್ಯವಹಾರ ಕುದುರಿದ ದಿನವೇ ಮುಸ್ಲಿಂ ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಪತ್ರ ಮಾಡಿಸಿ ಇಟ್ಟುಕೊಳ್ಳುತ್ತಿದ್ದ.

ಮತಾಂತರ ಆಗಲಿಲ್ಲವಾ? ಆಯಿತು. ಬೋಸ್ನಿಯಾ, ಅಲ್ಬೇನಿಯಾಗಳಲ್ಲಿ ತುಂಬಾ ಆಯಿತು, ಆದರೆ ತಲೆಮಾರುಗಟ್ಟಲೆ ನಿಧಾನಕ್ಕೆ. ಜಿಜಿಯಾ ತಪ್ಪುತ್ತದೆ, ಕೋರ್ಟಿನಲ್ಲಿ ಮಾತಿಗೆ ಬೆಲೆ ಬರುತ್ತದೆ, ನೌಕರಿ ಸಿಗುತ್ತದೆ. 17-18ನೇ ಶತಮಾನದ ಅರ್ಜಿಗಳು ಉಳಿದಿವೆ: "ನಾನು ಮುಸ್ಲಿಮನಾಗಲು ಬಂದಿದ್ದೇನೆ, ಹೊಸ ಬಟ್ಟೆಗೆ ದುಡ್ಡು ಕೊಡಿಸಬೇಕು" ಅಂತ ಬಡವರು ಅರಮನೆಗೆ ಬರೆದುಕೊಂಡ ಅರ್ಜಿಗಳು. ಕತ್ತಿ ಇಲ್ಲದಿದ್ದರೂ ಒತ್ತಡ ಇರಬಹುದು ಅನ್ನುವುದನ್ನು ಆ ಬಡವರ ಅರ್ಜಿಗಳಲ್ಲಿ ನೋಡಬಹುದು. ಇನ್ನೊಂದು ಕಡೆ ಎಲ್ಲರೂ ಮತಾಂತರವಾಗಿಬಿಟ್ಟರೆ ಜಿಜಿಯಾ ಎಲ್ಲಿಂದ ಬರಬೇಕು? ಖಜಾನೆಗೂ ಅದು ಬೇಕಿರಲಿಲ್ಲ.

ಬಲವಂತ ಇದ್ದದ್ದು ಒಂದು ಕಡೆ ನೇರವಾಗಿಯೇ. ದೇವ್‌ಶಿರ್ಮೆ. ಬಾಲ್ಕನ್ ಹಳ್ಳಿಗಳಿಂದ ಕ್ರೈಸ್ತ ಹುಡುಗರನ್ನು ಸರ್ಕಾರ ಎತ್ತಿಕೊಂಡು ಹೋಗಿ, ಮುಸ್ಲಿಮರನ್ನಾಗಿ ಮಾಡಿ, ಸೈನಿಕರು ಇಲ್ಲವೇ ಅಧಿಕಾರಿಗಳನ್ನಾಗಿ ತಯಾರು ಮಾಡುತ್ತಿತ್ತು. ರಕ್ಷಣೆ ಕೊಟ್ಟ ಪ್ರಜೆಗಳನ್ನು ಗುಲಾಮರನ್ನಾಗಿ ಮಾಡುವುದನ್ನು ಷರಿಯಾ ಒಪ್ಪುವುದಿಲ್ಲ. ಆದರೂ ಸಾಮ್ರಾಜ್ಯ ಇದನ್ನು ಮುನ್ನೂರು ವರ್ಷದ ಹತ್ತಿರ ಹತ್ತಿರ ನಡೆಸಿತು. ಸೊಕೊಲ್ಲು ಮೆಹ್ಮದ್ ಪಾಷಾ ಹೀಗೆ ಬೋಸ್ನಿಯಾದ ಸರ್ಬ್ ಮನೆಯಿಂದ ಹೋದ ಹುಡುಗ. 1565ರಿಂದ 1579ರವರೆಗೆ ಮೂವರು ಸುಲ್ತಾನರಿಗೆ ಪ್ರಧಾನ ವಜೀರನಾಗಿದ್ದ. ಅವನು ಇನ್ನೂ ಕೆಳಗಿನ ವಜೀರನಾಗಿದ್ದಾಗಲೇ, 1557ರಲ್ಲಿ, ಸರ್ಬರ ಚರ್ಚಿಗೆ ಮತ್ತೆ ಸ್ವಂತ ಪೇಟ್ರಿಯಾರ್ಕ್ ಸಿಕ್ಕಿದ. ಆ ಪೇಟ್ರಿಯಾರ್ಕ್ ಮಕಾರಿಯೆ ಈ ಪಾಷಾನ ನೆಂಟ. ತಾಯಿಯ ಮಡಿಲಿನಿಂದ ಕಿತ್ತುಕೊಂಡು ಹೋದದ್ದೂ ನಿಜ, ಮೇಲೇರಿದ್ದೂ ನಿಜ. ಎರಡನೆಯದನ್ನು ಹೇಳಿ ಮೊದಲನೆಯದನ್ನು ಹಗುರ ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಗಲಾಟಾದ ವ್ಯಾಪಾರಿಗಳು ನಮ್ಮ ಮಕ್ಕಳನ್ನು ಹಿಡಿಯುವುದಿಲ್ಲ ಅಂತ ಬರೆಸಿಕೊಂಡರಲ್ಲ, ಅದರಿಂದಲೇ ಆ ಭಯ ಎಷ್ಟಿತ್ತು ಅಂತ ತಿಳಿಯುತ್ತದೆ.

ಎಲ್ಲರೂ ಮರೆಯುವ ಇನ್ನೊಂದು ವಿಷಯ ಇದೆ. ಈ ಸಾಮ್ರಾಜ್ಯದಲ್ಲಿ ಧರ್ಮದ ಹೆಸರಿನ ಪೆಟ್ಟು ಬಿದ್ದದ್ದು ಕ್ರೈಸ್ತರ ಮೇಲೆ ಮಾತ್ರ ಅಲ್ಲ. 1501ರಲ್ಲಿ ಇರಾನಿನಲ್ಲಿ ಸಫಾವಿಗಳು ಬಂದು ಶಿಯಾ ಪಂಥವನ್ನು ರಾಜ್ಯದ ಧರ್ಮ ಮಾಡಿದರು. ಅನಾಟೋಲಿಯಾದಲ್ಲಿ ಅವರನ್ನು ನಂಬುತ್ತಿದ್ದ ಕಿಜಿಲ್‌ಬಾಶ್ ಅನ್ನುವ ಮುಸ್ಲಿಮರಿದ್ದರು. ಸುಲ್ತಾನ ಮೊದಲನೇ ಸೆಲೀಂ ಸಫಾವಿಗಳ ಜೊತೆ ನಡೆದ 1514ರ ಯುದ್ಧದ ಹೊತ್ತಿಗೆ ಇವರನ್ನು ಕೊಲ್ಲಿಸಿದ. ಇವರು ಮುಸ್ಲಿಮರೇ ಅಲ್ಲ ಅಂತ ಫತ್ವಾಗಳು ಹೊರಟವು. ಕ್ರೈಸ್ತನಿಗೆ ಜಿಜಿಯಾ ಕಟ್ಟಿ ಬದುಕುವ ದಾರಿ ಇತ್ತು, ದಾರಿ ತಪ್ಪಿದ ಮುಸ್ಲಿಮ ಅಂತ ಹಣೆಪಟ್ಟಿ ಬಿದ್ದವನಿಗೆ ಅದೂ ಇರಲಿಲ್ಲ. 17ನೇ ಶತಮಾನದಲ್ಲಿ ಕಾದಿಜಾದೆಲಿ ಅನ್ನುವ ಕಟ್ಟುನಿಟ್ಟಿನ ಪಂಗಡದವರು ಸೂಫಿಗಳ ಮೇಲೆ, ಕಾಫಿ-ತಂಬಾಕಿನ ಮೇಲೆ ಮುಗಿಬಿದ್ದರು. 1633ರಲ್ಲಿ ನಾಲ್ಕನೇ ಮುರಾದ್ ಕಾಫಿ ಅಂಗಡಿಗಳನ್ನೇ ಮುಚ್ಚಿಸಿದ. ಆದರೆ 1656ರಲ್ಲಿ ಇದೇ ಪಂಗಡದ ಮುಖಂಡರು ಗಲಭೆ ಎಬ್ಬಿಸಲು ಹೊರಟಾಗ ಪ್ರಧಾನ ವಜೀರ ಅವರನ್ನು ಸೈಪ್ರಸ್‌ಗೆ ಗಡಿಪಾರು ಮಾಡಿದ. ಬೇಕಾದಾಗ ಜೊತೆಗೆ, ಬೇಡವಾದಾಗ ಹಡಗಿಗೆ.

19ನೇ ಶತಮಾನದಲ್ಲಿ ಪೂರ್ತಿ ಬೇರೆ ಕಥೆ ಶುರುವಾಗುತ್ತದೆ. 1839ರ ಮತ್ತು 1856ರ ಶಾಸನಗಳಲ್ಲಿ ಎಲ್ಲ ಧರ್ಮದವರೂ ಸಮಾನ ಅಂದರು, ಜಿಜಿಯಾ ಹೋಯಿತು, ಅದರ ಜಾಗದಲ್ಲಿ ಸೈನ್ಯಕ್ಕೆ ಬರದವರಿಗೆ ಬೇರೆ ತೆರಿಗೆ ಬಂತು. ವಿಚಿತ್ರ ಅಂದರೆ ಕಾಗದದ ಮೇಲೆ ಸಮಾನತೆ ಬಂದ ಮೇಲೂ ದೊಡ್ಡ ಹತ್ಯಾಕಾಂಡಗಳು ನಡೆದವು. 1860ರಲ್ಲಿ ಡಮಾಸ್ಕಸ್‌ನಲ್ಲಿ ಕ್ರೈಸ್ತರ ಮೇಲೆ ದಾಳಿ ನಡೆಯಿತು. ಆಗ ಅಲ್ಲೇ ಇದ್ದ ಅಲ್ಜೀರಿಯಾದ ಮುಖಂಡ ಅಬ್ದುಲ್ ಖಾದಿರ್ ಸಾವಿರಾರು ಕ್ರೈಸ್ತರನ್ನು ಕಾಪಾಡಿದ. 1894-96ರಲ್ಲಿ ಅರ್ಮೇನಿಯನ್ನರ ಕೊಲೆ. 1915ರಲ್ಲಿ ಅರ್ಮೇನಿಯನ್ನರ ನರಮೇಧ, ಲಕ್ಷಾಂತರ ಜನ ಸತ್ತರು. ಇದಕ್ಕೆ ಧರ್ಮ ಒಂದೇ ಕಾರಣವಾ? ನನ್ನ ಪ್ರಕಾರ ಅಲ್ಲ. ಹಳೆಯ ಮೇಲು-ಕೀಳಿನ ವ್ಯವಸ್ಥೆ ಒಡೆಯಿತು, ಬಾಲ್ಕನ್ ಪ್ರಾಂತ್ಯಗಳು ಒಂದೊಂದಾಗಿ ಕಳಚಿಕೊಂಡವು, ಅಲ್ಲಿಂದ ಓಡಿಸಲ್ಪಟ್ಟ ಮುಸ್ಲಿಂ ನಿರಾಶ್ರಿತರು ಅನಾಟೋಲಿಯಾಕ್ಕೆ ಬಂದು ತುಂಬಿದರು, ಯುರೋಪಿನ ರಾಜ್ಯಗಳು ಒಂದೊಂದು ಕ್ರೈಸ್ತ ಪಂಗಡದ ಪರವಾಗಿ ಮೂಗು ತೂರಿಸಿದವು, ಕೊನೆಗೆ ಆಳುವವರ ತಲೆಯಲ್ಲಿ ಒಂದು ಜನಾಂಗದ ರಾಷ್ಟ್ರ ಅನ್ನುವ ಆಧುನಿಕ ವಿಚಾರ ಹೊಕ್ಕಿತು. 1915ರಲ್ಲಿ ಅಧಿಕಾರದಲ್ಲಿದ್ದವರು ಮದರಸಾದಿಂದ ಬಂದವರಲ್ಲ, ಬಹುತೇಕ ಹೊಸ ಶಾಲೆಗಳಲ್ಲಿ ಓದಿದವರು. ಧರ್ಮದ ಹೆಸರನ್ನು ಅವರು ಧಾರಾಳವಾಗಿ ಬಳಸಿಕೊಂಡರು ಅನ್ನುವುದೂ ಅಷ್ಟೇ ನಿಜ.

ಅಟೋಮನ್ ಸುಲ್ತಾನರು ಇಟ್ಟುಕೊಂಡಿದ್ದ ಖಲೀಫ (ಮುಸ್ಲಿಮರೆಲ್ಲರ ಮುಖಂಡ) ಪಟ್ಟದ ಬಗ್ಗೆ ಮಕ್ಕಳು ಕೇಳಬಹುದು, ಯಾಕೆಂದರೆ ಮುಂದೆ ಖಿಲಾಫತ್ ಚಳವಳಿ ಪಾಠ ಇದೆ. ನಮ್ಮ ನಾಡಿನ ಕೊಂಡಿಯೂ ಇಲ್ಲೇ ಇದೆ. 1786ರಲ್ಲಿ ಟಿಪ್ಪು ಸುಲ್ತಾನ್ ಇಸ್ತಾಂಬುಲ್‌ಗೆ ದೊಡ್ಡ ನಿಯೋಗ ಕಳಿಸಿದ. ತನ್ನ ಪಟ್ಟಕ್ಕೆ ಮನ್ನಣೆ, ವ್ಯಾಪಾರದ ಸವಲತ್ತು, ಬ್ರಿಟಿಷರ ವಿರುದ್ಧ ಸಹಾಯ ಬೇಕಿತ್ತು. ಗೌರವ ಸಿಕ್ಕಿತು, ಸೈನ್ಯ ಸಿಗಲಿಲ್ಲ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಇಳಿದ ಮೇಲಂತೂ ಮೂರನೇ ಸೆಲೀಂ, ಬ್ರಿಟಿಷರ ಒತ್ತಾಸೆಯ ಮೇಲೆ, ಫ್ರೆಂಚರ ಸಹವಾಸ ಬಿಡು ಅಂತ ಟಿಪ್ಪುವಿಗೇ ಕಾಗದ ಬರೆದ. ಧರ್ಮ ಒಂದೇ ಆಗಿತ್ತು, ಆದರೆ ಇಬ್ಬರ ಶತ್ರುಗಳು ಬೇರೆಬೇರೆ.

ಈಗ ನಿಮ್ಮ ಎರಡನೇ ಆತಂಕ. ಕ್ಲಾಸಿನಲ್ಲಿ ಹೇಗೆ ಹೇಳುವುದು?

ಸಹಿಷ್ಣುತೆಯ ಕಥೆ ಮಾತ್ರ ಹೇಳುವುದು ಸುಲಭ, ಯಾರಿಗೂ ನೋವಾಗುವುದಿಲ್ಲ ಅನ್ನಿಸುತ್ತದೆ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಓಡಿಸಿದಾಗ ಎರಡನೇ ಬಾಯೆಜಿದ್ ಅವರನ್ನು ಬರಮಾಡಿಕೊಂಡ, ಸಲೋನಿಕಾ ಯಹೂದಿಗಳೇ ಹೆಚ್ಚಿದ್ದ ಊರಾಯಿತು. ಇದು ನಿಜ, ಹೇಳಲೇಬೇಕು. ಆದರೆ ಇದನ್ನು ಮಾತ್ರ ಹೇಳಿದರೆ ಒಂದು ಮಗು ನಾಳೆ ದೇವ್‌ಶಿರ್ಮೆ ಬಗ್ಗೆ, 1915ರ ಬಗ್ಗೆ ಓದಿಕೊಂಡು ಬರುತ್ತದೆ. ಆಮೇಲೆ ನೀವು ಹೇಳಿದ ನಿಜವನ್ನೂ ಅದು ನಂಬುವುದಿಲ್ಲ.

ದಬ್ಬಾಳಿಕೆಯ ಕಥೆ ಮಾತ್ರ ಹೇಳಿದರೆ ಅಪಾಯ ಇನ್ನೂ ಹತ್ತಿರದ್ದು. ನಿಮ್ಮ ಕ್ಲಾಸಿನಲ್ಲಿ ಕೂತ ಮುಸ್ಲಿಂ ಮಕ್ಕಳು 550 ವರ್ಷದ ಹಿಂದೆ, ಇನ್ನೊಂದು ಖಂಡದಲ್ಲಿ ನಡೆದದ್ದಕ್ಕೆ ಬೆಂಚಿನಲ್ಲಿ ಕೂತು ಉತ್ತರ ಕೊಡಬೇಕಾಗುತ್ತದೆ. ಬೇರೆ ಮಕ್ಕಳು ಅವರ ಕಡೆ ತಿರುಗಿ ನೋಡುತ್ತಾರೆ. ಆ ನೋಟ ನನಗೆ ಗೊತ್ತು, ಕಾಲೇಜಿನಲ್ಲೂ ಕಂಡಿದ್ದೇನೆ. ಅದಕ್ಕೆ ಅವಕಾಶ ಕೊಡಬೇಡಿ. "ಮುಸ್ಲಿಮರು ಹೀಗೆ ಮಾಡಿದರು" ಅನ್ನುವ ಬದಲು "ಮೆಹ್ಮದ್ ಹೀಗೆ ಮಾಡಿದ", "ಸೆಲೀಂ ಹೀಗೆ ಮಾಡಿದ", "ಎಬುಸ್ಸೂದ್ ಹೀಗೆ ಬರೆದ" ಅನ್ನಿ. ಹೆಸರು ಹಿಡಿದು ಹೇಳಿದರೆ ಅರ್ಧ ಸಮಸ್ಯೆ ಕಮ್ಮಿಯಾಗುತ್ತದೆ.

ಯುರೋಪಿನ ಜೊತೆ ಹೋಲಿಸುವುದು ಇನ್ನೊಂದು ದಾರಿ. ಅದೇ ಕಾಲದ ಸ್ಪೇನ್ ಏನು ಮಾಡಿತು ಅಂತ ಪಕ್ಕಕ್ಕೆ ಇಟ್ಟರೆ ಅಳತೆ ಸಿಗುತ್ತದೆ. ಆದರೆ ಸ್ವಲ್ಪ ಎಚ್ಚರ ತಪ್ಪಿದರೆ ಅದು "ಅವರೂ ಮಾಡಿದರಲ್ಲ" ಅನ್ನುವ ಸಮರ್ಥನೆಯಾಗಿಬಿಡುತ್ತದೆ. ನಮ್ಮ ದೇಶದ ಸುಲ್ತಾನರ ಜೊತೆ ಹೋಲಿಸುವುದನ್ನಂತೂ ಈ ಎರಡು ಪಿರಿಯಡ್‌ನಲ್ಲಿ ಬಿಟ್ಟುಬಿಡಿ. ಅದಕ್ಕೆ ಬೇರೆ ದಿನ, ಬೇರೆ ತಯಾರಿ ಬೇಕು. ಟಿಪ್ಪು ನಿಯೋಗದ ಮಾತು ಮಕ್ಕಳಾಗಿ ಕೇಳಿದರೆ ಹೇಳಿ.

ನಾನಾದರೆ ಗಲಾಟಾ ಕಾಗದವನ್ನೇ ಆರಿಸಿಕೊಳ್ಳುತ್ತೇನೆ. ಮೊದಲ ಪಿರಿಯಡ್‌ನಲ್ಲಿ ಮೇ 29ರಂದು ಏನಾಯಿತು ಅಂತ ಹತ್ತು ನಿಮಿಷ, ಆಮೇಲೆ ಈ ಒಪ್ಪಂದ. ಬೋರ್ಡಿನ ಮೇಲೆ ಒಂದೊಂದೇ ಶರತ್ತು ಬರೆದು, ಇದು ಸಿಕ್ಕಿದ್ದಾ ಕಳೆದುಕೊಂಡದ್ದಾ ಅಂತ ಮಕ್ಕಳನ್ನೇ ಕೇಳಿ. ಜಿಜಿಯಾ ಎಲ್ಲಿ ಬರೆಯಬೇಕು ಅನ್ನುವಲ್ಲಿ ಜಗಳ ಆಗುತ್ತದೆ, ಆಗಲಿ. ಎರಡನೇ ಪಿರಿಯಡ್‌ನಲ್ಲಿ ಆ ಇಬ್ಬರು ಮುದುಕರ ಸಾಕ್ಷಿ, ಸೊಕೊಲ್ಲು, ಖಾಜಿ ಕೋರ್ಟಿಗೆ ಬಂದ ಕ್ರೈಸ್ತ ಹೆಂಗಸು. 1915ನ್ನು ಎರಡು ವಾಕ್ಯದಲ್ಲಾದರೂ ಹೇಳಿ ಮುಗಿಸಿ, ಬಿಡಬೇಡಿ. ಈ ದಾರಿಯ ಅಪಾಯ ಅಂದರೆ ಸಮಯ ಸಾಲದೆ ಬರೀ ಒಂದು ಕಡೆಯ ಪಟ್ಟಿ ಮುಗಿದು ಬೆಲ್ ಹೊಡೆಯಬಹುದು. ಹಾಗಾಗಿ ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎಡಕ್ಕೊಂದು ಬಲಕ್ಕೊಂದು ಬರೆಯುತ್ತಾ ಹೋಗಿ. ಯಾರಾದರೂ ಬೋರ್ಡಿನ ಫೋಟೋ ತೆಗೆದು ಗ್ರೂಪಿಗೆ ಹಾಕಿದರೂ ಎರಡೂ ಕಾಣುತ್ತವೆ. ಪಾಠದ ಟಿಪ್ಪಣಿಯನ್ನು ಒಂದು ಪುಟದಲ್ಲಿ ಬರೆದು ಹೆಡ್ ಮಾಸ್ಟರಿಗೆ ಮೊದಲೇ ತೋರಿಸಿ. ಪೋಷಕರು ಬಂದರೆ ಅದನ್ನೇ ಕೈಗೆ ಕೊಡಬಹುದು.

ಕೊನೆಯದಾಗಿ ಒಂದು ಮಾತು, ಪರೀಕ್ಷೆಗೆ ಸಂಬಂಧಿಸಿದ್ದು. 1453ರಲ್ಲಿ ಟರ್ಕರು ವ್ಯಾಪಾರದ ದಾರಿ ಮುಚ್ಚಿದ್ದರಿಂದ ಯುರೋಪಿನವರು ಭಾರತಕ್ಕೆ ಸಮುದ್ರ ಮಾರ್ಗ ಹುಡುಕಿದರು ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಕರಿಮೆಣಸಿನ ದೊಡ್ಡ ವ್ಯಾಪಾರ ನಡೆಯುತ್ತಿದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮೂಲಕ, ವೆನಿಸ್‌ನವರು ಕೊಳ್ಳುತ್ತಿದ್ದರು. ಈಜಿಪ್ಟ್ ಅಟೋಮನ್‌ರ ಕೈಗೆ ಬಂದದ್ದು 1517ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷದ ಮೇಲೆ. ಅಟೋಮನ್‌ರಿಗೆ ಬೇಕಿದ್ದದ್ದು ವ್ಯಾಪಾರದ ಸುಂಕ, ದಾರಿ ಮುಚ್ಚಿದರೆ ಅದು ಬರುವುದಿಲ್ಲ. ಪೋರ್ಚುಗೀಸರು ಆಫ್ರಿಕಾದ ಕರಾವಳಿ ಹಿಡಿದು ಹೊರಟದ್ದೂ 1453ಕ್ಕಿಂತ ಎಷ್ಟೋ ಮೊದಲೇ. ಅಂಕ ಬೇಕಾದರೆ ಮಕ್ಕಳು ಪುಸ್ತಕದಲ್ಲಿ ಇದ್ದಂತೆ ಬರೆಯಲಿ. ಆ ಹುಡುಗನಿಗೆ ಮಾತ್ರ ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.